ತೊಟ್ಟಿಲ ಲೆಕ್ಕ: ಬೆಕನ್‌ಟ್ರೀ ಬಡಾವಣೆಯ ಜನನ ದರವನ್ನು ನಾನು ಅಳೆದ ಬಗೆ

1921ರ ಜೂನ್ 19ರ ಜನಗಣತಿಯ ರಾತ್ರಿ, ಆಗ ಎಸೆಕ್ಸ್ ಕೌಂಟಿಯಲ್ಲಿದ್ದ ಡಾಗೆನ್‌ಹ್ಯಾಮ್ ಎಂಬ ಊರಿನಲ್ಲಿ ಎಣಿಕೆಗೆ ಸಿಕ್ಕ ಜನ 9,127. 1931ರ ಏಪ್ರಿಲ್ 26ರ ರಾತ್ರಿ ಅದೇ ಊರಿನಲ್ಲಿ ಸಿಕ್ಕವರು 89,362. ಹತ್ತು ವರ್ಷವೂ ತುಂಬಿರದ ಈ ಅವಧಿಯಲ್ಲಿ ಊರು ಸುಮಾರು ಹತ್ತು ಪಟ್ಟಾಗಿತ್ತು. ಈ ಎರಡು ಸಂಖ್ಯೆಗಳನ್ನು ನಾನು ಮೊದಲು ನೋಡಿದಾಗ ಅಚ್ಚಿನ ತಪ್ಪೇ ಇರಬೇಕು ಎಂದುಕೊಂಡಿದ್ದೆ. ಮೈಸೂರಿನಲ್ಲಿ ಹಲವು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ, ಆಮೇಲೆ ಮಗಳ ಸಂಸಾರದ ಜೊತೆ ಲಂಡನ್ನಿನ ಪೂರ್ವದ ಅಂಚಿಗೆ ಬಂದು ನೆಲೆಸಿದ ನನಗೆ, ಡಾಗೆನ್‌ಹ್ಯಾಮಿನ ಬೆಕನ್‌ಟ್ರೀ ಬಡಾವಣೆಯಲ್ಲಿ ನಾವಿರುವ ಮನೆಯೇ ಆ ಹತ್ತು ಪಟ್ಟಿನ ಒಂದು ಇಟ್ಟಿಗೆ ಎಂಬುದು ತಿಳಿದದ್ದು ತಡವಾಗಿ. ಸ್ಥಳೀಯ ಇತಿಹಾಸದಲ್ಲಿ ಆಸಕ್ತಿಯುಳ್ಳ ನಾಲ್ಕೈದು ನೆರೆಹೊರೆಯವರು ಸೇರಿ ಒಂದು ಸಣ್ಣ ಪ್ರದರ್ಶನ ಮಾಡಲು ಹೊರಟಾಗ, "ಈ ಬೀದಿಗಳಲ್ಲಿ ಆಗ ಎಷ್ಟು ಮಕ್ಕಳು ಹುಟ್ಟುತ್ತಿದ್ದರು ಎಂಬುದಕ್ಕೆ ಒಂದು ಹಲಗೆ ಬೇಕು, ನೀವು ಲೆಕ್ಕದವರಲ್ಲವೇ?" ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಒಂದು ವಾರದ ಕೆಲಸವೆಂದು ಒಪ್ಪಿಕೊಂಡದ್ದು ಮೂರು ಚಳಿಗಾಲಗಳನ್ನು ತಿಂದಿತು.

ಬೆಕನ್‌ಟ್ರೀಯನ್ನು ಉಪನಗರ ಎನ್ನುವುದಕ್ಕಿಂತ ಬಡಾವಣೆ ಎಂದರೆ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಅದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಬರೆದು ಹಾಕಿದ ಊರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ವಸತಿ ಕಾಯ್ದೆಯ ಬಲದಿಂದ, ಲಂಡನ್ನಿನ ಆಡಳಿತ ಸಂಸ್ಥೆಯಾಗಿದ್ದ ಲಂಡನ್ ಕೌಂಟಿ ಕೌನ್ಸಿಲ್ ತನ್ನ ಗಡಿಯ ಆಚೆಗೆ ತರಕಾರಿ ತೋಟಗಳಿದ್ದ ಬಯಲನ್ನು ವಶಪಡಿಸಿಕೊಂಡು, 1921ರಿಂದ 1935ರವರೆಗೆ ಇಲ್ಲಿ 25 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿತು. ಲಂಡನ್ನಿನ ಈಸ್ಟ್ ಎಂಡ್ ಎಂಬ ಕಾರ್ಮಿಕ ಪ್ರದೇಶದ ಇಕ್ಕಟ್ಟಾದ ಕೇರಿಗಳಲ್ಲಿ ಎರಡು ಕೋಣೆಗಳಲ್ಲಿ ಬದುಕುತ್ತಿದ್ದ ಕುಟುಂಬಗಳಿಗೆ ಸ್ನಾನದ ತೊಟ್ಟಿ, ಹಿತ್ತಿಲು, ಮುಂದೆ ಒಂದು ಬೇಲಿ ಇರುವ ಮನೆ ಸಿಕ್ಕಿತು. ಆ ಬೇಲಿಯನ್ನು ಅಳತೆ ಮೀರದಂತೆ ಕತ್ತರಿಸಿಡುವುದು ಬಾಡಿಗೆದಾರನ ಕರ್ತವ್ಯವಾಗಿತ್ತು. ಕುಟುಂಬಗಳನ್ನು ಸುಮ್ಮನೆ ಚೀಟಿ ಎತ್ತಿ ಆರಿಸಲಿಲ್ಲ. ಸ್ಥಿರವಾದ ಕೂಲಿ ಇರಬೇಕು, ವಾರದ ಬಾಡಿಗೆ ತಪ್ಪದೆ ಕೊಡುವಂತಿರಬೇಕು, ಮತ್ತು ದೊಡ್ಡ ಮನೆಯನ್ನು ಕೇಳಲು ತಕ್ಕಷ್ಟು ಮಕ್ಕಳಿರಬೇಕು. ಈ ಕೊನೆಯ ಮಾತನ್ನು ನಾನು ಆರಂಭದಲ್ಲಿ ಓದಿ, ತಲೆಯಾಡಿಸಿ, ಮುಂದೆ ಹೋಗಿದ್ದೆ. ನನ್ನ ಇಡೀ ಲೆಕ್ಕ ನಿಂತದ್ದು ಅದರ ಮೇಲೆಯೇ ಎಂಬುದು ಹೊಳೆಯಲು ಬಹಳ ಕಾಲ ಬೇಕಾಯಿತು.

ಮೊದಲು ಮಾಡಿದ್ದು ಚೀಟಿಯ ಹಿಂಬದಿಯ ಲೆಕ್ಕ. ಎರಡು ಗಣತಿಗಳ ನಡುವೆ ಹೆಚ್ಚಿದ ಜನ 80,235. ಅಂದರೆ ವರ್ಷಕ್ಕೆ ಸರಾಸರಿ ಶೇಕಡ 26ರ ಚಕ್ರಬಡ್ಡಿ ಬೆಳವಣಿಗೆ. ಇದರಲ್ಲಿ ತೊಟ್ಟಿಲಿನಿಂದ ಬಂದದ್ದೆಷ್ಟು, ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದದ್ದೆಷ್ಟು? ಸಾವಿರ ಜನಕ್ಕೆ ವರ್ಷಕ್ಕೆ ಸಾವುಗಳನ್ನು ಕಳೆದು 20 ಜನನ ಉಳಿಯಿತೆಂದು ಧಾರಾಳವಾಗಿಯೇ ಊಹಿಸಿಕೊಂಡರೂ, ಆ ಅವಧಿಯ ಸರಾಸರಿ ಜನಸಂಖ್ಯೆಯನ್ನು ಚಕ್ರಬಡ್ಡಿಯ ರೀತಿಯಲ್ಲಿ ಲೆಕ್ಕ ಹಾಕಿದರೆ ಏಳು ಸಾವಿರ, ನೇರ ಗೆರೆಯ ರೀತಿಯಲ್ಲಿ ಹಾಕಿದರೆ ಹತ್ತು ಸಾವಿರದ ಒಳಗೆ, ಇಷ್ಟೇ ಸಹಜ ಹೆಚ್ಚಳ. ಉಳಿದ 70 ಸಾವಿರ ಜನ ಬಂದು ಸೇರಿದವರು. ಆದ್ದರಿಂದ ಡಾಗೆನ್‌ಹ್ಯಾಮಿನ ಕಥೆ ಜನನದ ಕಥೆಯಲ್ಲ, ವಲಸೆಯ ಕಥೆ ಎಂದು ಬರೆದು ಹಲಗೆ ಮುಗಿಸಿಬಿಡಬಹುದಿತ್ತು. ಆದರೆ ಬಂದವರು ಯಾರು ಎಂಬುದೇ ಮುಂದೆ ಹುಟ್ಟುವವರೆಷ್ಟು ಎಂಬುದನ್ನು ನಿರ್ಧರಿಸುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಲಾಗದು.

ಜನನಗಳ ವಾರ್ಷಿಕ ಸಂಖ್ಯೆಗೆ ನಾನು ಹಿಡಿದದ್ದು ಆರೋಗ್ಯಾಧಿಕಾರಿಗಳ ವರದಿಗಳನ್ನು. ಇಂಗ್ಲೆಂಡಿನ ಪ್ರತಿ ಸ್ಥಳೀಯ ಸಂಸ್ಥೆಯೂ ಒಬ್ಬ ವೈದ್ಯಕೀಯ ಆರೋಗ್ಯಾಧಿಕಾರಿಯನ್ನು ಇಟ್ಟುಕೊಂಡಿರಬೇಕಿತ್ತು. ಆತ ವರ್ಷಕ್ಕೊಂದು ವರದಿ ಸಲ್ಲಿಸುತ್ತಿದ್ದ. ಲಂಡನ್ ಸುತ್ತಲಿನ ಇಂತಹ ವರದಿಗಳನ್ನು ವೆಲ್‌ಕಮ್ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವುದರಿಂದ ಮನೆಯಲ್ಲೇ ಕುಳಿತು ಓದಬಹುದು. ವರದಿಯ ಮೊದಲ ಪುಟಗಳಲ್ಲೇ ಜೀವಂತ ಜನನಗಳು, ಅವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು, ವಿವಾಹಿತ ತಾಯಂದಿರಿಗೆ ಹುಟ್ಟಿದವೆಷ್ಟು ಅವಿವಾಹಿತರಿಗೆ ಎಷ್ಟು, ವರ್ಷದೊಳಗೆ ತೀರಿಹೋದ ಶಿಶುಗಳೆಷ್ಟು ಎಂಬ ಪಟ್ಟಿ ಇರುತ್ತದೆ. ಅದರ ಪಕ್ಕದಲ್ಲೇ ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ನ ದರವನ್ನೂ ಕೊಟ್ಟಿರುತ್ತಾರೆ. ದೇಶದ ಗೆರೆ ಕೆಳಕ್ಕೆ ಇಳಿಯುತ್ತಲೇ ಇತ್ತು: 1920ರಲ್ಲಿ ಸಾವಿರ ಜನಕ್ಕೆ 25.5 ಇದ್ದ ಜನನ ದರ 1931ಕ್ಕೆ 15.8ಕ್ಕೆ ಬಂದು, 1933ರಲ್ಲಿ 14.4 ಎಂಬ ತಳ ಮುಟ್ಟಿತು. ಆ ಹೊತ್ತಿಗೆ ಒಬ್ಬ ಮಹಿಳೆಗೆ ಸರಾಸರಿ ಎರಡು ಮಕ್ಕಳೂ ಇಲ್ಲದ ಸ್ಥಿತಿ. ಡಾಗೆನ್‌ಹ್ಯಾಮಿನ ವರದಿಗಳಲ್ಲಿ ಮಾತ್ರ ದರ ದೇಶದ್ದಕ್ಕಿಂತ ಮೇಲೆಯೇ ಇತ್ತು. ಅಂಕಿಗಳನ್ನು ಹಾಗೇ ನಕಲು ಮಾಡಿ ಎರಡು ಗೆರೆ ಎಳೆದಿದ್ದರೆ ಸಾಕಿತ್ತು, ಆದರೆ ಪಾಠ ಹೇಳಿದವನ ಚಪಲ ಬಿಡಬೇಕಲ್ಲ. ಅಧಿಕಾರಿಯ ದರಗಳನ್ನು ನಂಬದೆ ನಾನೇ ಹೊಸದಾಗಿ ಲೆಕ್ಕ ಹಾಕಲು ಕುಳಿತೆ.

ಎಡವಿದ್ದು ಅಲ್ಲಿಯೇ. ಜನನಗಳ ಸಂಖ್ಯೆ ವರ್ಷವರ್ಷಕ್ಕೂ ಸಿಗುತ್ತದೆ, ಆದರೆ ಭಾಗಿಸಬೇಕಾದ ಜನಸಂಖ್ಯೆ ಗಣತಿಯ ವರ್ಷಗಳಿಗೆ ಮಾತ್ರ ಖಚಿತವಾಗಿ ಸಿಗುತ್ತದೆ. ನಡುವಿನ ವರ್ಷಗಳಿಗೆ, ಜನನ ಮರಣ ನೋಂದಣಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಕಚೇರಿ ಕೊಡುತ್ತಿದ್ದ ಮಧ್ಯವರ್ಷದ ಅಂದಾಜುಗಳು ಇಷ್ಟು ವೇಗವಾಗಿ ಬೆಳೆಯುವ ಊರಿನ ಬೆನ್ನು ಹತ್ತಲು ಏದುಸಿರು ಬಿಡುತ್ತಿದ್ದವು. ಆದ್ದರಿಂದ ನಾನು 9,127ರಿಂದ 89,362ಕ್ಕೆ ಒಂದು ನೇರ ಗೆರೆ ಎಳೆದು ನಡುವಿನ ವರ್ಷಗಳನ್ನು ತುಂಬಿಸಿಕೊಂಡೆ. ಬಂದ ಫಲಿತಾಂಶ ರೋಮಾಂಚಕವಾಗಿತ್ತು: ಇಡೀ ದೇಶದಲ್ಲಿ ಜನನ ದರ ಇಳಿಯುತ್ತಿರುವಾಗ ನಮ್ಮ ಬಡಾವಣೆಯಲ್ಲಿ ಅದು ಏರುತ್ತಿತ್ತು! ನಾನು ಅದನ್ನು ಬಣ್ಣದಲ್ಲಿ ಮುದ್ರಿಸಿಕೊಂಡು ಗುಂಪಿನ ಸಭೆಗೆ ಹೋದೆ. ಅಲ್ಲಿ ತೊಂಬತ್ತರ ಸಮೀಪದ ಒಬ್ಬ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು 1924ರ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ 33 ಸಾವಿರ ಜನ ಇದ್ದರು ಎಂದು ಬರೆದಿದ್ದೀರಿ. ನಮ್ಮಮ್ಮ ಹೇಳುತ್ತಿದ್ದ ಪ್ರಕಾರ ಆಗ ಇಲ್ಲಿ ಬಟಾಣಿ ಹೊಲಗಳಿದ್ದವು. ಅಷ್ಟು ಜನ ಎಲ್ಲಿ ಮಲಗುತ್ತಿದ್ದರು?" ಎಂದು ಕೇಳಿದರು. ನಾನು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ್ದೆ. ಕಟ್ಟಡದ ಕೆಲಸ ಇಲ್‌ಫರ್ಡ್ ಭಾಗದಿಂದ ಶುರುವಾಗಿ ಡಾಗೆನ್‌ಹ್ಯಾಮಿನತ್ತ ಸರಿದು ಬಂದದ್ದು. ಇಲ್ಲಿನ ಬೆಳವಣಿಗೆಯ ಬಹುಪಾಲು ದಶಕದ ದ್ವಿತೀಯಾರ್ಧದ್ದು. ನನ್ನ ನೇರ ಗೆರೆ ಆರಂಭದ ವರ್ಷಗಳಲ್ಲಿ ಇಲ್ಲದ ಜನರನ್ನು ಊರಿಗೆ ತುಂಬಿಸಿ, ಇದ್ದ ಕೆಲವೇ ಜನನಗಳನ್ನು ಅವರಿಗೆಲ್ಲ ಹಂಚಿ, ದರವನ್ನು ಸುಳ್ಳಾಗಿ ತಗ್ಗಿಸಿತ್ತು. ಕೊನೆಯ ವರ್ಷಗಳಲ್ಲಿ ಗೆರೆ ನಿಜಕ್ಕೆ ಹತ್ತಿರ ಬಂದಾಗ ದರ ಏರಿದಂತೆ ಕಂಡಿತ್ತು. ಮನೆಗೆ ಬಂದು ಆ ಬಣ್ಣದ ಹಾಳೆಯ ಹಿಂಬದಿಯನ್ನೇ ಹೊಸ ಲೆಕ್ಕಕ್ಕೆ ಬಳಸಿಕೊಂಡೆ.

ಹೊಸ ಲೆಕ್ಕದಲ್ಲಿ ಜನರ ಬದಲು ಮನೆಗಳನ್ನು ಎಣಿಸಿದೆ. ಕೌಂಟಿ ಕೌನ್ಸಿಲ್ ವರ್ಷವಾರು ಎಷ್ಟು ಮನೆಗಳನ್ನು ಮುಗಿಸಿ ಬೀಗದ ಕೈ ಕೊಟ್ಟಿತು ಎಂಬುದಕ್ಕೆ ಅದರ ವಸತಿ ವರದಿಗಳಲ್ಲಿ ಲೆಕ್ಕವಿದೆ. ಬಡಾವಣೆಯ ನಡುವೆಯೇ ಇರುವ ವೇಲೆನ್ಸ್ ಹೌಸಿನ ದಾಖಲೆ ಕೋಣೆಯಲ್ಲಿ ಕುಳಿತು ನಾನು ಅವನ್ನು ಸ್ಥಳೀಯ ನಡಾವಳಿಗಳೊಂದಿಗೆ ತಾಳೆ ನೋಡಿದೆ. ಮನೆಗಳ ಸಂಖ್ಯೆಯನ್ನು ಮನೆಗೊಂದಕ್ಕೆ ಇಷ್ಟು ಜನ ಎಂದು ಗುಣಿಸಿ, 1931ರ ಗಣತಿಯಲ್ಲಿ ಅದು ನಿಜ ಸಂಖ್ಯೆಯನ್ನು ಮುಟ್ಟುತ್ತದೆಯೇ ಎಂದು ನೋಡಿ ಹಿಂದಕ್ಕೆ ಹೊಂದಿಸುತ್ತ ಹೋದೆ. ಇದರಲ್ಲೂ ಒಂದು ತೊಡಕಿದೆ. ಹೊಸದಾಗಿ ಬಂದ ಕುಟುಂಬದಲ್ಲಿ ಚಿಕ್ಕ ಮಕ್ಕಳಿದ್ದು, ಐದಾರು ವರ್ಷಗಳಲ್ಲಿ ಇನ್ನೊಂದೆರಡು ಸೇರುವುದರಿಂದ, ಮನೆಗೊಂದಕ್ಕೆ ಇಷ್ಟು ಎಂಬುದು ಮನೆಯ ವಯಸ್ಸಿನ ಜೊತೆಗೆ ಬದಲಾಗುತ್ತದೆ. ಇದಲ್ಲದೆ ಬಾಡಿಗೆ, ಲಂಡನ್ನಿಗೆ ಕೆಲಸಕ್ಕೆ ಹೋಗಿಬರುವ ರೈಲು ಖರ್ಚು, ನೆಂಟರಿಷ್ಟರಿಲ್ಲದ ಬೇಸರ ಇವುಗಳಿಂದ ಹಳೆಯ ಕೇರಿಗೇ ವಾಪಸು ಹೋದವರು ಕಡಿಮೆಯೇನಲ್ಲ. 1934ರಲ್ಲಿ ಟೆರೆನ್ಸ್ ಯಂಗ್ ಪ್ರಕಟಿಸಿದ ಬೆಕನ್‌ಟ್ರೀ ಸಮೀಕ್ಷೆಯೂ ಈ ಹೋಗುಬರುವಿಕೆಯ ಬಗ್ಗೆ ಸಾಕಷ್ಟು ಹೇಳುತ್ತದೆ. ಹೋದವರ ಮನೆಗೆ ಬಂದವರು ಮತ್ತೆ ಚಿಕ್ಕ ಮಕ್ಕಳ ತಂದೆತಾಯಿಗಳೇ ಆಗಿದ್ದುದರಿಂದ ಬಡಾವಣೆ ಕಾಗದದ ಮೇಲೆ ಕಾಣುವುದಕ್ಕಿಂತ ನಿಧಾನವಾಗಿ ವಯಸ್ಸಾಗುತ್ತಿತ್ತು.

ಮನೆಗಳ ಲೆಕ್ಕವನ್ನು ಪರೀಕ್ಷಿಸಲು ಮತದಾರರ ಪಟ್ಟಿಯನ್ನೂ ತೆಗೆದುಕೊಂಡೆ. ಅದರಲ್ಲಿ 1929ಕ್ಕೆ ಒಂದು ದೊಡ್ಡ ಜಿಗಿತ ಕಂಡು, ಆ ವರ್ಷ ಏನೋ ಮಹಾ ವಲಸೆ ನಡೆದಿರಬೇಕೆಂದು ಅರ್ಧ ದಿನ ಹುಡುಕಿದೆ. ನಡೆದದ್ದು ಬೇರೆ: 1928ರ ಕಾಯ್ದೆ ಮಹಿಳೆಯರ ಮತದಾನದ ವಯಸ್ಸನ್ನು 30ರಿಂದ 21ಕ್ಕೆ ಇಳಿಸಿತ್ತು, ಮತ್ತು ಆ ಕಾಯ್ದೆಯಡಿ ತಯಾರಾದ ಮೊದಲ ಪಟ್ಟಿ ಜಾರಿಗೆ ಬಂದದ್ದು 1929ರಲ್ಲಿ. ಇಪ್ಪತ್ತರ ಹರೆಯದ ಗೃಹಿಣಿಯರೇ ತುಂಬಿದ್ದ ಹೊಸ ಬಡಾವಣೆಯಲ್ಲಿ ಆ ಜಿಗಿತ ಹಳೆಯ ಊರುಗಳಿಗಿಂತ ಎತ್ತರವಾಗಿರುವುದು ಸಹಜ. ಅಲ್ಲಿಗೆ ಬಿಟ್ಟುಬಿಟ್ಟಿದ್ದರೆ ಅದೊಂದು ತಪ್ಪು ಮಾತ್ರವಾಗುತ್ತಿತ್ತು; ತಿರುಗಿಸಿ ನೋಡಿದಾಗ ಅದೇ ಒಂದು ಸುಳಿವಾಯಿತು, ಏಕೆಂದರೆ ಇಲ್ಲಿನ ಹೆಂಗಸರು ಎಷ್ಟು ಎಳೆಯರಾಗಿದ್ದರು ಎಂಬುದನ್ನು ಗಣತಿಯ ಪಟ್ಟಿಗೂ ಮೊದಲೇ ಅದು ನನಗೆ ತೋರಿಸಿಕೊಟ್ಟಿತು.

ಗಡಿಗಳ ಕಾಟದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬೆಕನ್‌ಟ್ರೀ ಎಂಬುದು ಬಡಾವಣೆಯ ಹೆಸರೇ ಹೊರತು ಆಡಳಿತದ ಘಟಕವಲ್ಲ. ಅದು ಬಾರ್ಕಿಂಗ್, ಡಾಗೆನ್‌ಹ್ಯಾಮ್, ಇಲ್‌ಫರ್ಡ್ ಎಂಬ ಮೂರು ಸಂಸ್ಥೆಗಳಿಗೆ ಹರಿದು ಹಂಚಿಹೋಗಿತ್ತು. ಹಾಗಾಗಿ ನನ್ನ ಅಂಕಿಗಳೆಲ್ಲ ಡಾಗೆನ್‌ಹ್ಯಾಮಿನವೇ ಹೊರತು ಇಡೀ ಬಡಾವಣೆಯವಲ್ಲ. ಹೋಲಿಕೆಗೆಂದು ಲಂಡನ್ನಿನ ವಾಯವ್ಯದಲ್ಲಿ ಖಾಸಗಿ ಬಿಲ್ಡರುಗಳು ಕಟ್ಟಿ ಮಾರಿದ ಹ್ಯಾರೋ ಮತ್ತು ವೆಂಬ್ಲಿಗಳನ್ನು ತೆಗೆದುಕೊಂಡಾಗ ಇನ್ನೊಂದು ಹಳ್ಳಕ್ಕೆ ಬೀಳುತ್ತಿದ್ದೆ: 1934ರಲ್ಲಿ ಪಿನ್ನರ್, ಸ್ಟಾನ್‌ಮೋರ್ ಮೊದಲಾದವು ಹ್ಯಾರೋಗೆ ಸೇರಿದವು, ಕಿಂಗ್ಸ್‌ಬರಿ ವೆಂಬ್ಲಿಗೆ ಸೇರಿತು. ಆ ವರ್ಷದ ಏರಿಕೆ ತೊಟ್ಟಿಲಿನದೂ ಅಲ್ಲ, ವಲಸೆಯದೂ ಅಲ್ಲ, ಭೂಪಟ ಬಿಡಿಸಿದವನ ಪೆನ್ಸಿಲಿನದು.

ಭಾಗಿಸುವ ಸಂಖ್ಯೆಯ ತಲೆನೋವು ಕಡಿಮೆಯಾದ ಮೇಲೆ ಜನನಗಳ ಸಂಖ್ಯೆಯನ್ನೇ ಅನುಮಾನದಿಂದ ನೋಡತೊಡಗಿದೆ. ಡಾಗೆನ್‌ಹ್ಯಾಮಿನ ತಾಯಿ ಈಸ್ಟ್ ಎಂಡಿನ ಆಸ್ಪತ್ರೆಯಲ್ಲಿ ಹೆತ್ತರೆ ಆ ಮಗು ಯಾವ ಊರಿನದು? ಅದೃಷ್ಟಕ್ಕೆ, ರಿಜಿಸ್ಟ್ರಾರ್ ಜನರಲ್ ಕಚೇರಿ 1911ರಿಂದಲೇ ಜನನ ಮರಣಗಳನ್ನು ವಾಸಸ್ಥಳಕ್ಕೆ ವರ್ಗಾಯಿಸಿ ಎಣಿಸುತ್ತಿತ್ತು, ಆದ್ದರಿಂದ ಆರೋಗ್ಯಾಧಿಕಾರಿಯ ಪಟ್ಟಿ ಈ ವಿಷಯದಲ್ಲಿ ನಂಬಲರ್ಹ. ಆದರೆ ವಂಶಾವಳಿ ಹುಡುಕುವವರು ಬಳಸುವ ಜನನ ಸೂಚಿಯಲ್ಲಿ ಈ ವರ್ಗಾವಣೆ ಇರುವುದಿಲ್ಲ. ಅದು ಹುಟ್ಟಿದ ಜಾಗದ ನೋಂದಣಿ ಜಿಲ್ಲೆಯನ್ನೇ ತೋರಿಸುತ್ತದೆ. ಅಲ್ಲದೆ ನೋಂದಣಿಗೆ 42 ದಿನಗಳ ಅವಕಾಶವಿದ್ದುದರಿಂದ ಡಿಸೆಂಬರಿನ ಮಗು ಮುಂದಿನ ವರ್ಷದ ಮೊದಲ ತ್ರೈಮಾಸಿಕದಲ್ಲಿ ಕುಳಿತಿರುವುದು ಮಾಮೂಲು. ಸತ್ತು ಹುಟ್ಟಿದ ಶಿಶುಗಳ ನೋಂದಣಿ ಕಡ್ಡಾಯವಾದದ್ದು 1927ರ ಜುಲೈನಿಂದ. ಅದಕ್ಕೂ ಹಿಂದಿನ ವರ್ಷಗಳ ಜೊತೆ ಆ ಅಂಕಣವನ್ನು ಹೋಲಿಸಿ ಏನನ್ನೂ ಹೇಳಬಾರದು.

ಇಷ್ಟೆಲ್ಲ ತಿದ್ದಿದ ಮೇಲೂ ಡಾಗೆನ್‌ಹ್ಯಾಮಿನ ಗೆರೆ ದೇಶದ ಗೆರೆಗಿಂತ ಮೇಲೆಯೇ ಉಳಿಯಿತು. ಹಾಗಾದರೆ ಇಲ್ಲಿನ ಹೆಂಗಸರು ಹೆಚ್ಚು ಹೆರುತ್ತಿದ್ದರೇ? ಈ ಪ್ರಶ್ನೆಗೆ ಸಾವಿರ ಜನಕ್ಕೆ ಇಷ್ಟು ಎಂಬ ಕಚ್ಚಾ ದರ ಉತ್ತರ ಕೊಡಲಾರದು. ನನ್ನ ಗುಂಪಿನವರಿಗೆ ಇದನ್ನು ತಿಳಿಸಲು ಎರಡು ಕಲ್ಪಿತ ಊರುಗಳನ್ನು ಬೋರ್ಡಿನ ಮೇಲೆ ಬರೆದೆ. ಎರಡರಲ್ಲೂ ಸಾವಿರ ಜನ. ಮೊದಲನೆಯದರಲ್ಲಿ 15ರಿಂದ 44 ವಯಸ್ಸಿನ ಹೆಂಗಸರು 300, ವರ್ಷದಲ್ಲಿ ಹುಟ್ಟಿದ ಮಕ್ಕಳು 24. ಎರಡನೆಯದರಲ್ಲಿ ಮುದುಕರೇ ಹೆಚ್ಚು, ಆ ವಯಸ್ಸಿನ ಹೆಂಗಸರು 200, ಮಕ್ಕಳು 16. ಕಚ್ಚಾ ದರ ನೋಡಿದರೆ ಒಂದು 24, ಇನ್ನೊಂದು 16. ಮೊದಲ ಊರು ಒಂದೂವರೆ ಪಟ್ಟು ಫಲವತ್ತು. ಹೆಂಗಸರ ಲೆಕ್ಕ ಹಿಡಿದರೆ ಎರಡೂ ಕಡೆ ಸಾವಿರ ಹೆಂಗಸರಿಗೆ 80, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಬೆಕನ್‌ಟ್ರೀ ಇಂತಹ ಮೊದಲ ಊರಿನ ಅತಿರೇಕದ ಉದಾಹರಣೆ: ಅಜ್ಜ ಅಜ್ಜಿಯರು ಲಂಡನ್ನಿನ ಹಳೆಯ ಕೇರಿಯಲ್ಲೇ ಉಳಿದರು, ಎಳೆಯ ದಂಪತಿಗಳು ಮಾತ್ರ ಇಲ್ಲಿಗೆ ಬಂದರು. ಇದೇ ಕಾರಣದಿಂದ ಹೊಸ ಉಪನಗರಗಳ ಸಾವಿನ ದರವೂ ಬಹಳ ಕಡಿಮೆ ಕಾಣುತ್ತಿತ್ತು, ಆರೋಗ್ಯಾಧಿಕಾರಿಗಳು ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆದುಕೊಳ್ಳುತ್ತಿದ್ದರು. ವಯಸ್ಸಿನ ಹಂಚಿಕೆಯ ಪ್ರಭಾವವನ್ನು ತೆಗೆಯುವ ಹೋಲಿಕೆ ಗುಣಕ ಸಾವಿನ ದರಕ್ಕೆ 1934ರಿಂದ ಬಂತು. ಜನನ ದರಕ್ಕೆ ಅಂತಹದೊಂದು ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆಯೇ. ಆದ್ದರಿಂದ ನಾನೇ ಒಂದನ್ನು ಕಟ್ಟಿಕೊಳ್ಳಬೇಕಾಯಿತು.

ಸಾಮಾನ್ಯವಾಗಿ ಇಂತಹ ಕಡೆ ದೇಶದ ವಯಸ್ಸುವಾರು ಜನನ ದರಗಳನ್ನು ಸ್ಥಳೀಯ ಹೆಂಗಸರ ಸಂಖ್ಯೆಗೆ ಹಚ್ಚಿ, ಎಷ್ಟು ಮಕ್ಕಳು ಹುಟ್ಟಬೇಕಿತ್ತು ಎಂದು ನೋಡುತ್ತಾರೆ. ಆ ಕಾಲದ ಇಂಗ್ಲೆಂಡಿಗೆ ಅದು ಆಗುವುದಿಲ್ಲ, ಏಕೆಂದರೆ ಮಗುವಿನ ಜನನ ನೋಂದಾಯಿಸುವಾಗ ತಾಯಿಯ ವಯಸ್ಸನ್ನು ಕೇಳಲು ಶುರು ಮಾಡಿದ್ದೇ 1938ರ ಜನಸಂಖ್ಯಾ ಅಂಕಿಅಂಶ ಕಾಯ್ದೆಯ ನಂತರ. ಒಂದು ಶತಮಾನದಿಂದ ಜನನಗಳನ್ನು ಅಷ್ಟು ನಿಷ್ಠೆಯಿಂದ ದಾಖಲಿಸುತ್ತಿದ್ದ ದೇಶ ಹೆತ್ತವಳ ವಯಸ್ಸನ್ನೇ ಕೇಳಿರಲಿಲ್ಲ ಎಂಬುದು ನನಗೆ ಈಗಲೂ ಸೋಜಿಗ. ಆದ್ದರಿಂದ ಜನಸಂಖ್ಯಾ ಇತಿಹಾಸಕಾರರು ಬಳಸುವ ಇನ್ನೊಂದು ದಾರಿ ಹಿಡಿದೆ. ಉತ್ತರ ಅಮೆರಿಕದ ಹಟರೈಟ್ ಎಂಬ ಕ್ರೈಸ್ತ ಪಂಗಡ ಸಂತಾನ ನಿಯಂತ್ರಣವನ್ನು ಸಂಪೂರ್ಣ ದೂರವಿಟ್ಟಿತ್ತು. ಅಲ್ಲಿ 25ರಿಂದ 29 ವಯಸ್ಸಿನ ಸಾವಿರ ವಿವಾಹಿತೆಯರಿಗೆ ವರ್ಷಕ್ಕೆ 502, 40ರಿಂದ 44 ವಯಸ್ಸಿನವರಿಗೂ 222 ಜನನಗಳು. ಈ ದರಗಳನ್ನು ಅಳತೆಗೋಲಾಗಿ ಇಟ್ಟುಕೊಂಡು, 1931ರ ಗಣತಿಯ ಎಸೆಕ್ಸ್ ಕೌಂಟಿ ಸಂಪುಟದಲ್ಲಿರುವ ವಯಸ್ಸು ಮತ್ತು ವೈವಾಹಿಕ ಸ್ಥಿತಿಯ ಪಟ್ಟಿಗೆ ಹಚ್ಚಿ, ಹಟರೈಟರಂತೆ ಹೆತ್ತಿದ್ದರೆ ಎಷ್ಟು ಮಕ್ಕಳಾಗುತ್ತಿದ್ದರು, ನಿಜವಾಗಿ ಎಷ್ಟಾದರು ಎಂಬ ಅನುಪಾತ ತೆಗೆದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಈ ಅನುಪಾತ 1931ರಲ್ಲಿ ಸುಮಾರು 0.3. ಒಂದೇ ವರ್ಷದ ಏರಿಳಿತ ಕಣ್ಣು ಕಟ್ಟದಿರಲೆಂದು ಗಣತಿಯ ಆಚೀಚೆಯ ವರ್ಷಗಳನ್ನೂ ಸೇರಿಸಿ ಮೂರು ವರ್ಷಗಳ ಸರಾಸರಿ ಜನನಗಳನ್ನು ತೆಗೆದುಕೊಂಡೆ. ಕಚ್ಚಾ ದರದಲ್ಲಿ ಕಂಡಿದ್ದ ದೊಡ್ಡ ಅಂತರ ಇಲ್ಲಿ ಕುಗ್ಗಿ ಸಣ್ಣದಾಯಿತು. ಮಾಯವಾಗಲಿಲ್ಲ ಎಂಬುದನ್ನೂ ಹೇಳಬೇಕು. ಕೂಲಿಕಾರ ಕುಟುಂಬಗಳಲ್ಲಿ ಗುಮಾಸ್ತರ ಕುಟುಂಬಗಳಿಗಿಂತ ಮಕ್ಕಳು ಹೆಚ್ಚೇ ಇದ್ದರು. ಆದರೆ ಬಡಾವಣೆಯ ಎತ್ತರದ ಜನನ ದರದ ಬಹುಪಾಲನ್ನು ಮಾಡಿದ್ದು ಅಲ್ಲಿನ ಹೆಂಗಸರ ಹೆರಿಗೆಯಲ್ಲ, ಬಾಡಿಗೆದಾರರನ್ನು ಆರಿಸಿದ ಗುಮಾಸ್ತನ ಲೇಖನಿ.

ಸಂಖ್ಯೆಗಳಲ್ಲಿ ಕಂಡದ್ದು ಮನೆಗಳಲ್ಲಿ ಕಾಣುತ್ತದೆಯೇ ಎಂದು ತಿಳಿಯಲು ಒಂದು ಬ್ಯಾಂಜೊವನ್ನು ಆರಿಸಿಕೊಂಡೆ. ಬ್ಯಾಂಜೊ ಎಂದರೆ ಇಲ್ಲಿನವರ ಮಾತಿನಲ್ಲಿ ರಸ್ತೆಯಿಂದ ಒಳಕ್ಕೆ ಚಾಚಿ ದುಂಡಗೆ ಮುಗಿಯುವ ಚಿಕ್ಕ ಓಣಿ. ಮೇಲಿನಿಂದ ನೋಡಿದರೆ ಆ ವಾದ್ಯದ ಹಾಗೆಯೇ ಕಾಣುತ್ತದೆ. ಮತದಾರರ ಪಟ್ಟಿಯಿಂದ ದಂಪತಿಗಳ ಹೆಸರು, ಯುದ್ಧ ಶುರುವಾದಾಗ ದೇಶದ ಜನರನ್ನು ಪಟ್ಟಿ ಮಾಡಿದ 1939ರ ರಾಷ್ಟ್ರೀಯ ನೋಂದಣಿಯಿಂದ ಅವರ ಹುಟ್ಟಿದ ದಿನಾಂಕ, ಜನನ ಸೂಚಿಯಿಂದ ಅವರ ಮಕ್ಕಳು, ಹೀಗೆ ಒಂದೊಂದು ಮನೆಯನ್ನೂ ಹೊಲಿಯುತ್ತ ಹೋದೆ. 1911ರ ಮೂರನೆಯ ತ್ರೈಮಾಸಿಕದಿಂದ ಜನನ ಸೂಚಿಯಲ್ಲಿ ಮಗುವಿನ ಹೆಸರಿನ ಮುಂದೆ ತಾಯಿಯ ತವರಿನ ಹೆಸರು ಇರುವುದರಿಂದ ಈ ಹೊಲಿಗೆ ಸಾಧ್ಯವಾಗುತ್ತದೆ. ತವರಿನ ಹೆಸರು ಅಪರೂಪದ್ದಾಗಿದ್ದರೆ ಹತ್ತು ನಿಮಿಷ, ಸ್ಮಿತ್ ಎಂದಾಗಿದ್ದರೆ ಇಡೀ ಸಂಜೆ.

ಒಂದು ಮನೆಯನ್ನು ಮಾತ್ರ ಇಲ್ಲಿ ತೋರಿಸುತ್ತೇನೆ. ಯಜಮಾನ ಹಡಗುಕಟ್ಟೆಯ ಕೂಲಿ, ಹೆಂಡತಿ 1890ರ ದಶಕದ ಕೊನೆಯಲ್ಲಿ ಹುಟ್ಟಿದವಳು. ಅವರ ಮೊದಲ ಮೂರು ಮಕ್ಕಳು ಈಸ್ಟ್ ಎಂಡಿನ ಪಾಪ್ಲರ್ ಜಿಲ್ಲೆಯಲ್ಲಿ ನೋಂದಣಿಯಾಗಿದ್ದಾರೆ, ಮೂರೂ ನಾಲ್ಕು ವರ್ಷಗಳ ಒಳಗೆ. ಆಮೇಲೆ ದಂಪತಿ ಬೆಕನ್‌ಟ್ರೀಯ ಮತದಾರರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಅಲ್ಲಿಗೆ ಬಂದ ಮರುವರ್ಷ, ಡಾಗೆನ್‌ಹ್ಯಾಮ್ ಸೇರಿದ್ದ ರಾಂಫರ್ಡ್ ನೋಂದಣಿ ಜಿಲ್ಲೆಯಲ್ಲಿ ನಾಲ್ಕನೆಯ ಮಗು. ಬಳಿಕ ಇಲ್ಲ, ತಾಯಿಗೆ ಆಗ ಇನ್ನೂ ಮೂವತ್ತೊಂದು. ಹೊಸ ಮನೆಯಲ್ಲಿ ಕೋಣೆಗಳು ಹೆಚ್ಚಾದವು, ಮಕ್ಕಳು ಹೆಚ್ಚಾಗಲಿಲ್ಲ. ಹಾದಿಯಲ್ಲಿ ಹೋಗುವವನಿಗೆ ಆ ಮನೆ ನಾಲ್ಕು ಮಕ್ಕಳ ದೊಡ್ಡ ಸಂಸಾರ. ಡಾಗೆನ್‌ಹ್ಯಾಮಿನ ಜನನ ದರಕ್ಕೆ ಅದು ಕೊಟ್ಟದ್ದು ಒಂದೇ ಒಂದು ಜನನ. ಉಳಿದ ಮೂರೂ ಪಾಪ್ಲರಿನ ಲೆಕ್ಕಕ್ಕೆ ಸೇರಿದವು. ಇಂತಹ ಮನೆಗಳು ಆ ಓಣಿಯಲ್ಲಿ ಒಂದೆರಡಲ್ಲ. 1920ರ ದಶಕದಲ್ಲಿ ಬಡಾವಣೆಯ ಶಾಲೆಗಳು ಸಾಲದೆ ಮಕ್ಕಳು ಜಾಗವಿಲ್ಲದೆ ಹೊರಗೆ ಉಳಿದದ್ದಕ್ಕೆ ಕಾರಣ ಬೆಕನ್‌ಟ್ರೀಯ ಹೆರಿಗೆಗಳಲ್ಲ. ಅವರು ಬರುವಾಗಲೇ ಅಮ್ಮನ ಕೈ ಹಿಡಿದು ನಡೆದು ಬಂದ ಮಕ್ಕಳು. ಆ ಕಾಲಕ್ಕೆ ಶಿಶು ಮರಣವೂ ಇಳಿಯುತ್ತಿತ್ತು, ದೇಶದಲ್ಲಿ 1921ರಲ್ಲಿ ಸಾವಿರಕ್ಕೆ 83 ಇದ್ದದ್ದು 1931ಕ್ಕೆ 66 ಆಗಿತ್ತು; ಹುಟ್ಟಿದವರಲ್ಲಿ ಉಳಿದವರು ಹೆಚ್ಚಾದ್ದರಿಂದ ಬೀದಿಯಲ್ಲಿ ಮಕ್ಕಳು ಇನ್ನಷ್ಟು ಹೆಚ್ಚಾಗಿ ಕಾಣುತ್ತಿದ್ದರು.

1921ರ ಗಣತಿಯ ಮೂಲ ಹಾಳೆಗಳು 2022ರಲ್ಲಿ ಸಾರ್ವಜನಿಕರಿಗೆ ತೆರೆದದ್ದು ನನಗೆ ಬಹಳ ನೆರವಾಯಿತು. ಆ ಗಣತಿಯಲ್ಲಿ ಮದುವೆಯಾದವರ 16 ವರ್ಷದೊಳಗಿನ ಬದುಕಿರುವ ಮಕ್ಕಳೆಷ್ಟು, ಅವರ ವಯಸ್ಸುಗಳೇನು ಎಂದು ಕೇಳಿದ್ದರು. ಮುಂದೆ ಬೆಕನ್‌ಟ್ರೀಗೆ ಬರಲಿದ್ದ ಕುಟುಂಬಗಳನ್ನು ಈಸ್ಟ್ ಎಂಡಿನ ಎರಡು ಕೋಣೆಗಳಲ್ಲಿ, ಮಕ್ಕಳ ಸಮೇತ, ಅಲ್ಲೇ ನೋಡಬಹುದು. 1931ರ ಹಾಳೆಗಳು ಮಾತ್ರ ಯಾರಿಗೂ ಸಿಗವು. 1942ರ ಡಿಸೆಂಬರಿನಲ್ಲಿ ಮಿಡಲ್‌ಸೆಕ್ಸಿನ ಹೇಸ್ ಎಂಬಲ್ಲಿನ ಉಗ್ರಾಣದಲ್ಲಿ ಅವು ಬೆಂಕಿಗೆ ಆಹುತಿಯಾದವು. ಉಳಿದಿರುವುದು ಅಚ್ಚಾದ ಸಂಪುಟಗಳು ಮಾತ್ರ. ಯುದ್ಧದಿಂದಾಗಿ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಹಾಗಾಗಿ ಬಡಾವಣೆ ತುಂಬಿ ನಿಂತ ಕಾಲದ ಮನೆಮನೆಯ ಚಿತ್ರ ಬೇಕಾದರೆ 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯೊಂದೇ ಗತಿ, ಮತ್ತು ಅದನ್ನು ಗಣತಿಯಂತೆ ಓದಿದವನು ಖಂಡಿತ ಮೋಸ ಹೋಗುತ್ತಾನೆ. ಬಾಂಬ್ ದಾಳಿಯ ಭಯದಿಂದ ಆ ತಿಂಗಳ ಮೊದಲ ದಿನಗಳಲ್ಲೇ ಡಾಗೆನ್‌ಹ್ಯಾಮಿನ ಸಾವಿರಾರು ತಾಯಂದಿರನ್ನೂ ಮಕ್ಕಳನ್ನೂ ಥೇಮ್ಸ್ ದಂಡೆಯಿಂದ ಹಡಗು ಹತ್ತಿಸಿ ಪೂರ್ವ ಕರಾವಳಿಯ ಊರುಗಳಿಗೆ ಸಾಗಿಸಿದ್ದರು. ನೋಂದಣಿಯ ದಿನ ಮನೆಯಲ್ಲಿ ಸಿಕ್ಕವರು ಕೆಲಸಕ್ಕೆ ಹೋಗುವ ಗಂಡಸರು, ದೊಡ್ಡ ಹುಡುಗಿಯರು, ಹೋಗಲೊಪ್ಪದ ಕೆಲವು ತಾಯಂದಿರು. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಕ್ಕಳಿದ್ದ ಬಡಾವಣೆಗಳಲ್ಲೊಂದು ಆ ಪುಟಗಳಲ್ಲಿ ಮಕ್ಕಳಿಲ್ಲದ ಊರಾಗಿ ಕಾಣುತ್ತದೆ. ನಾನು ಅದರಿಂದ ತಲೆ ಎಣಿಸುವುದನ್ನು ಬಿಟ್ಟು ದೊಡ್ಡವರ ಹುಟ್ಟಿದ ದಿನಾಂಕಗಳನ್ನು ಮಾತ್ರ ತೆಗೆದುಕೊಂಡೆ. ಹಾಗೆ, ಜನನ ನೋಂದಣಿ ಕೇಳದೆ ಬಿಟ್ಟಿದ್ದ ತಾಯಿಯ ವಯಸ್ಸನ್ನು ಹಿಂಬಾಗಿಲಿನಿಂದ ಪಡೆದೆ.

ಮೂವತ್ತೊಂದಕ್ಕೆ ನಿಲ್ಲಿಸಿದ ಆ ತಾಯಿ ಹೇಗೆ ನಿಲ್ಲಿಸಿದಳು ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. ಕಾಗದಗಳು ಅದನ್ನು ಹೇಳುವುದಿಲ್ಲ. ಸಂತಾನ ನಿಯಂತ್ರಣದ ಪ್ರಚಾರಕಿ ಮೇರಿ ಸ್ಟೋಪ್ಸ್ ಲಂಡನ್ನಿನಲ್ಲಿ ಅದಕ್ಕೆಂದು ಚಿಕಿತ್ಸಾಲಯ ತೆರೆದದ್ದು 1921ರಲ್ಲಿ. ಸ್ಥಳೀಯ ಸಂಸ್ಥೆಗಳು, ಮತ್ತೊಂದು ಗರ್ಭ ಆರೋಗ್ಯಕ್ಕೆ ಅಪಾಯವಾಗುವ ವಿವಾಹಿತೆಯರಿಗೆ ಸಲಹೆ ಕೊಡಬಹುದು ಎಂದು ಆರೋಗ್ಯ ಸಚಿವಾಲಯ ಹಿಂಜರಿಯುತ್ತ ಒಪ್ಪಿದ್ದು 1930ರಲ್ಲಿ. ಅದೇ 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತ್ತು ಎಂಬುದನ್ನು ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ. ಯಾರೂ ಮೊದಲು ನಂಬಲಿಲ್ಲ. ಆದರೆ ಆ ಕಾಲದ ದಂಪತಿಗಳ ನೆನಪುಗಳನ್ನು ಸಂಗ್ರಹಿಸಿದವರು ಹೇಳುವಂತೆ, ದರ ಇಳಿದದ್ದರಲ್ಲಿ ಚಿಕಿತ್ಸಾಲಯಗಳ ಪಾಲು ಸಣ್ಣದು. ಹೆಚ್ಚಿನವರದು ಗಂಡಸರ ಎಚ್ಚರಿಕೆ ಮತ್ತು ಬೇರೆ ಮಲಗುವ ಹಳೆಯ ಉಪಾಯಗಳೇ. ನನ್ನ ಅಭಿಪ್ರಾಯದಲ್ಲಿ ಬೆಕನ್‌ಟ್ರೀಯ ವಾರದ ಬಾಡಿಗೆ ಪುಸ್ತಕವೂ ಒಂದು ದೊಡ್ಡ ನಿಯಂತ್ರಣ ಸಾಧನವಾಗಿತ್ತು, ಇದನ್ನು ಲೆಕ್ಕದಲ್ಲಿ ಸಾಧಿಸಿ ತೋರಿಸಲು ನನ್ನಿಂದ ಆಗಿಲ್ಲ.

ತೀರಾ ಒಂದೇ ವಯಸ್ಸಿನವರನ್ನು ಒಂದೇ ಸಲ ತಂದು ಕೂರಿಸಿದ ಊರು ಒಟ್ಟಿಗೇ ಮುದಿಯಾಗುತ್ತದೆ. 1930ರ ದಶಕದುದ್ದಕ್ಕೂ ಡಾಗೆನ್‌ಹ್ಯಾಮಿನ ಕಚ್ಚಾ ದರ ಇಳಿಯುತ್ತ ಬಂದದ್ದನ್ನು ಓದಿದವರು, ಇಡೀ ದೇಶವೇ ಬರಿದಾಗುತ್ತದೆ ಎಂಬ ಆಗಿನ ಆತಂಕದ ಜೊತೆ ಅದನ್ನೂ ಸೇರಿಸಿಬಿಡಬಹುದು; ಜನಸಂಖ್ಯಾ ತಜ್ಞೆ ಎನಿಡ್ ಚಾರ್ಲ್ಸ್ ಮೊದಲಾದವರ ಮುನ್ನಂದಾಜುಗಳು ಪತ್ರಿಕೆಗಳಲ್ಲಿ ಗುಲ್ಲೆಬ್ಬಿಸಿದ್ದ ಕಾಲ ಅದು. ಇಲ್ಲಿ ಮಾತ್ರ ಇಳಿತದ ಒಂದು ದೊಡ್ಡ ಪಾಲು, 1926ರಲ್ಲಿ ಇಪ್ಪತ್ತೆಂಟಾಗಿದ್ದವಳಿಗೆ 1938ಕ್ಕೆ ನಲವತ್ತಾಗಿತ್ತು ಎಂಬ ಸರಳ ಸಂಗತಿ. ಖಾಲಿ ಜಾಗ ಮುಗಿದ ಮೇಲೆ ಹೊಸ ದಂಪತಿಗಳು ಬರುವುದು ನಿಂತಿತು, ಬೆಳೆದ ಮಕ್ಕಳಿಗೆ ಅಲ್ಲಿಯೇ ಮನೆ ಸಿಗಲಿಲ್ಲ. 1951ರಲ್ಲಿ 1 ಲಕ್ಷ 14 ಸಾವಿರ ದಾಟಿದ್ದ ಡಾಗೆನ್‌ಹ್ಯಾಮ್ 1961ಕ್ಕೆ 1 ಲಕ್ಷ 8 ಸಾವಿರಕ್ಕೆ ಇಳಿಯಿತು.

ಹಲಗೆ ಕೊನೆಗೂ ತಯಾರಾಯಿತು. ಅದರಲ್ಲಿ ಮೂರು ಗೆರೆಗಳಿವೆ, ಅಜ್ಜಿ ಪ್ರಶ್ನೆ ಕೇಳಿದ ನನ್ನ ಮೊದಲ ತಪ್ಪು ಗೆರೆಯನ್ನೂ ತೆಳುವಾದ ಬೂದು ಬಣ್ಣದಲ್ಲಿ ಉಳಿಸಿದ್ದೇನೆ. ಬ್ಯಾಂಜೊದ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. 1939ರ ನೋಂದಣಿಯಲ್ಲಿ, ಹುಟ್ಟಿ ನೂರು ವರ್ಷ ತುಂಬದವರ ಸಾಲುಗಳ ಮೇಲೆ, ಅವರ ಮರಣ ದಾಖಲಾಗಿರದಿದ್ದರೆ, ಕಪ್ಪು ಪಟ್ಟಿ ಹಾಕಿರುತ್ತಾರೆ. ಪ್ರತಿ ಹೊಸ ವರ್ಷಕ್ಕೆ ಒಂದಿಷ್ಟು ಪಟ್ಟಿಗಳು ಸರಿಯುತ್ತವೆ. ಹಡಗು ಹತ್ತದೆ ಮನೆಯಲ್ಲೇ ಉಳಿದ ಮಕ್ಕಳು ಆ ಪಟ್ಟಿಗಳ ಕೆಳಗಿದ್ದಾರೆ. ಆ ಹಡಗುಕಟ್ಟೆಯ ಕೂಲಿಯ ಮನೆಯಲ್ಲಿ ತಾಯಿಯ ಹೆಸರಿನ ಕೆಳಗೆ ಅಂತಹದೊಂದು ಕಪ್ಪು ಸಾಲಿದೆ. ರಾಂಫರ್ಡಿನಲ್ಲಿ ನೋಂದಣಿಯಾದ ಆ ನಾಲ್ಕನೆಯ ಮಗು ಅದೇ ಇರಬೇಕು ಎಂದುಕೊಂಡು, ಪ್ರತಿ ಜನವರಿಯಲ್ಲಿ ಆ ಪುಟವನ್ನು ಒಮ್ಮೆ ತೆರೆದು ನೋಡುತ್ತೇನೆ.